ತಲೆ ಎತ್ತುವ ಚಾಳಿ

ನನ್ನ ಮಗಳು ಈಜುವಾಗ ತಲೆ ಎತ್ತುತ್ತಿದ್ದಳು. ಅದೊಂದು ಚಾಳಿಗಾಗಿ ಆ ಬೇಸಿಗೆಯಿಡೀ ಅಪ್ಪ-ಮಗಳು ಮಾತುಮಾತಿಗೆ ಜಗಳಾಡಿದೆವು.

ಕೊಲ್ಹಾಪುರದಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಒಂಬತ್ತನೆಯ ಇಯತ್ತೆಯಲ್ಲಿ ಓದುವ ಹುಡುಗಿ, ಅದನ್ನೇ ಪಟ್ಟು ಹಿಡಿದು ಕೂತಿದ್ದಳು. ಊಟಕ್ಕೆ ಕೂತರೂ ಅದೇ ಮಾತು. ನಾನು ಇಚಲಕರಂಜಿಯಲ್ಲಿ ಮಗ್ಗ ನಡೆಸುವವನು. ಬೆಳಗಿನ ಪಾಳಿ ಮುಗಿಸಿ, ಕಿವಿಯಲ್ಲಿನ್ನೂ ಮಗ್ಗದ ಖಟಖಟ ಇರುವಾಗಲೇ, ಕೊರೋಚಿಯ ಮನೆಯಿಂದ ಅವಳನ್ನು ಗಾಡಿಯ ಮೇಲೆ ಕೂಡಿಸಿಕೊಂಡು ಮತ್ತೆ ಇಚಲಕರಂಜಿಯ ಈಜುಕೊಳಕ್ಕೆ ಬರುತ್ತಿದ್ದೆ. ಅಲ್ಲಿ ಕಲಿಸುವ ಸರ್ ಮರಾಠಿಯವರು. ಅವರಿಗೆ ತಾಳ್ಮೆ ಹೆಚ್ಚು, ಸಿಟ್ಟು ಕಡಿಮೆ. ನನ್ನದು ತಿರುಗಾಮುರುಗಾ.

"ದಾದಾ, ಡೋಕಂ ವರ್ ಆಲಂ ಕೀ ಪಾಯ್ ಖಾಲೀ ಜಾತಾತ್," ಎಂದರು ಮೊದಲ ವಾರವೇ. ತಲೆ ಮೇಲೆ ಬಂತೆಂದರೆ ಕಾಲು ಕೆಳಗಿಳಿಯುತ್ತದೆ. ಕಾಲಿಳಿದರೆ ಮೈ ನೀರಿಗೆ ಅಡ್ಡವಾಗುತ್ತದೆ. ಆಮೇಲೆ ಎಷ್ಟು ಕೈ ಬಡಿದರೂ ದಣಿವೇ ಹೊರತು ವೇಗವಿಲ್ಲ. ಮುಖ ನೀರಲ್ಲಿರಬೇಕು, ನೋಟ ತಳದ ಮೇಲಿರಬೇಕು. ಉಸಿರು ಬೇಕಾದಾಗ ತಲೆ ಎತ್ತದೆ, ಮೈಯೊಂದಿಗೇ ಪಕ್ಕಕ್ಕೆ ಹೊರಳಬೇಕು, ಒಂದು ಕಣ್ಣು ನೀರೊಳಗೇ ಉಳಿಯುವ ಹಾಗೆ. ಚಾಚಿದ ಕೈಯನ್ನು ಅವಸರದಿಂದ ಎಳೆಯಬಾರದು. ಕೇಳುವುದಕ್ಕೆ ಎಷ್ಟು ಸುಲಭ. ನನ್ನ ಮಗಳು ಎಲ್ಲದಕ್ಕೂ ಹೂಂಗುಟ್ಟಿ ನೀರಿಗಿಳಿದು, ಅರ್ಧ ಕೊಳ ದಾಟುವಷ್ಟರಲ್ಲಿ ಆಮೆಯ ಹಾಗೆ ಕತ್ತು ಎತ್ತುತ್ತಿದ್ದಳು. ಅವಳಿಗಿಂತ ಸಣ್ಣ ಹುಡುಗಿಯರು ಪಕ್ಕದಲ್ಲೇ ಸದ್ದಿಲ್ಲದೆ ಮುಂದೆ ಹೋಗುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ದಂಡೆಯ ಮೇಲೆ ಅವಳ ಜೊತೆಜೊತೆಗೇ ನಡೆಯುತ್ತ, "ತಲಿ ಕೆಳಗ ಇಡ, ತಲಿ" ಎಂದು ಕೂಗುತ್ತಿದ್ದೆ. ಕೂಗಿದಷ್ಟೂ ಎತ್ತುತ್ತಿದ್ದಳು. ಮನೆಯಲ್ಲಿ ಬಕೀಟಿನ ನೀರಿಗೆ ಮುಖ ಅದ್ದಿಸಿ ಅಭ್ಯಾಸ ಮಾಡಿಸಿದೆ. ಹೆಂಡತಿ ನೋಡಿ, "ಆಕೀನ್ನ ಮೀನ ಮಾಡ್ತೀರೋ, ಮುಳಗಸ್ತೀರೋ?" ಎಂದಳು. ನಾಯಿ ಬಾಲ ಯಾವತ್ತೂ ಡೊಂಕೇ ಎಂದು ಒಂದು ದಿನ ಮಗಳೆದುರಿಗೇ ಅಂದುಬಿಟ್ಟೆ. ಅವಳು ಊಟದ ತಾಟು ಬಿಟ್ಟು ಎದ್ದು ಹೋದಳು.

ಆಯ್ಕೆಗೆ ವಾರ ಉಳಿದಿತ್ತು. ಇವಳಿಗೆ ಮೊದಲು ಈಜು ಕಲಿಸಿದವರು ಯಾರೆಂದು ಸರ್ ನನ್ನನ್ನು ಕರೆದು ಕೇಳಿದರು. ನಾನೇ ಎಂದೆ, ಎದೆಯುಬ್ಬಿಸಿಯೇ. ಗಡಹಿಂಗ್ಲಜದ ಹತ್ತಿರ ನೂಲ ಎಂಬ ಹಳ್ಳಿ ನಮ್ಮೂರು. ಅಲ್ಲಿಯ ಬಾವಿಯಲ್ಲಿ, ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ನಾನು ಮೆಟ್ಟಿಲ ಮೇಲೆ ನಿಂತು ಕಲಿಸಿದ್ದೆ. ಬಾವಿಯ ತಳ ಕಾಣುವುದಿಲ್ಲ, ಕಪ್ಪು ನೀರು ನೋಡಿ ಮಗು ಹೆದರುತ್ತಿತ್ತು. "ಕೆಳಗ ನೋಡಬ್ಯಾಡ, ನನ್ನ ನೋಡ. ನಾ ಇಲ್ಲೇ ಅದೇನಿ" ಎನ್ನುತ್ತಿದ್ದೆ. ನಮ್ಮ ಕಡೆ ಎಲ್ಲರೂ ಕಲಿಯುವುದೇ ಹೀಗೆ. ಸರ್ ಹಣೆ ಉಜ್ಜಿಕೊಂಡರು. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಅವತ್ತು ಗಾಡಿಯ ಹಿಂದೆ ಕೂತವಳು ಮೆಲ್ಲಗೆ ಹೇಳಿದಳು. "ಅಪ್ಪಾ, ಸಿಟ್ಟಾಗಬ್ಯಾಡ. ಕೊಲ್ಹಾಪುರದಾಗ ನೀ ಒಳಗ ಬರಬ್ಯಾಡ."

"ಯಾಕ?"

"ನೀ ದಂಡಿಗೆ ಇದ್ದೀ ಅಂದ್ರ ನನಗ ನೋಡಬೇಕ ಅನಸ್ತೈತಿ."

ಸಿಟ್ಟು ಬಂತು. ದಿನಾ ಕರೆದು ತರುವವನನ್ನೇ ಹೊರಗೆ ನಿಲ್ಲಿಸುತ್ತಾಳಲ್ಲ ಎಂದು ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಆದರೂ ಆಯ್ಕೆಯ ದಿನ ಗೇಟಿನಾಚೆ ಚಹಾದ ಗಾಡಿಯ ಹತ್ತಿರವೇ ನಿಂತೆ. ಸೀಟಿ ಊದಿದ್ದು, ನೀರು ಸಿಡಿದದ್ದು, ಬೇರೆ ಮಕ್ಕಳ ಅಪ್ಪಂದಿರು ಕೂಗಿದ್ದು ಗೋಡೆ ದಾಟಿ ಕೇಳುತ್ತಿತ್ತು. ಯಾವ ಸೀಟಿ ಅವಳದೋ ಗೊತ್ತಾಗಲಿಲ್ಲ. ಕೊನೆಗೆ ಸರ್ ಬಂದು, ತಂಡದಲ್ಲಿ ಹೆಸರು ಬಂತೆಂದರು. ಒಂದು ಸಲವೂ ತಲೆ ಎತ್ತಲಿಲ್ಲವಂತೆ.

ಈಗಲೂ ಅವಳನ್ನು ಗೇಟಿನವರೆಗೆ ಬಿಟ್ಟು ಬರುತ್ತೇನೆ. ಭಾಳ ಚಂದ ಈಜುತ್ತಾಳೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ನೋಡದವನು ನಾನೊಬ್ಬನೇ.