ಖಿಮೀ ಕರೆದರೆ ಬರುವ ಹಕ್ಕಿಗಳು

ಝಾಬೇರಾಮ್ ಚಾಚಾ ಜೀವಮಾನದಲ್ಲಿ ಎರಡೇ ಸಲ ಅತ್ತದ್ದು ಅಂತ ಅವನ ಹೆಂಡತಿ ಖಿಮೀ ಲೆಕ್ಕ ಇಟ್ಟಿದ್ದಾಳೆ. ಮಗಳು ಬೀನೂಳನ್ನು ಗಂಡನ ಮನೆಗೆ ಕಳಿಸಿದ ದಿನ ಒಮ್ಮೆ. ಎರಡನೆಯ ಸಲ ನಾನೂ ಅಲ್ಲೇ ಇದ್ದೆ. ಆಗ ಅವನ ಮನೆಯ ಕಲ್ಲುಚಪ್ಪಡಿ ಮಾಡಿನ ಮೇಲೆ ಒಂದು ಚೀರ್ ಹಕ್ಕಿ ಕೂತು ಕೂಗುತ್ತಿತ್ತು. ಆ ಕೂಗು ಕೇಳಬೇಕೆಂದು ಅವನು ಮೂವತ್ತು ವರ್ಷ ಕಾದಿದ್ದ. ಆದರೆ ಅದನ್ನು ಕೇಳಬೇಕೆಂದಿದ್ದದ್ದು ಮಾಡಿನಿಂದ ಅಲ್ಲ, ಹಳ್ಳದಾಚೆಯ ಇಳಿಜಾರಿನಿಂದ.

ನಾನು ಅರಣ್ಯ ಇಲಾಖೆಯ ಗಾರ್ಡು. ನನ್ನ ಊರು ಆಚೆ ಕಣಿವೆ. ಕನ್ಹೋಗ್ ಊರಿನ ಕೆಳಗೆ ಇಲಾಖೆ ಚೀರ್ ಸಾಕುವ ಹಕ್ಕಿಮನೆಗೆ ಬಂದು ಹನ್ನೊಂದು ಚಳಿಗಾಲ ಆಯಿತು. ನಾನು ಬಂದಾಗ ಝಾಬೇರಾಮ್ ಅಲ್ಲಿ ಇಪ್ಪತ್ತು ವರ್ಷ ಹಳಬ, ದಿನಗೂಲಿಯವನು. ಕಾಳು ಹಾಕುವುದು, ಹಿಕ್ಕೆ ಗುಡಿಸುವುದು, ಜಾಲರಿ ಹೊಲಿಯುವುದು ಅವನ ಕೆಲಸ. ರಿಜಿಸ್ಟರಿಗೆ ಸಹಿ ಹಾಕುವುದು ನನ್ನ ಕೆಲಸ. ಯಾರ ಕೆಲಸದಿಂದ ಹಕ್ಕಿ ಬದುಕುತ್ತಿತ್ತು ಅಂತ ನೀವೇ ಹೇಳಿ.

ಚೀರ್ ಅಂದರೆ ಕಾಡುಕೋಳಿಯ ಜಾತಿಯೇ. ಮೈಯೆಲ್ಲ ಬೂದಿಬಣ್ಣ, ಕಣ್ಣಿನ ಸುತ್ತ ಕೆಂಪು, ತಲೆಯ ಮೇಲೆ ಹಿಂದಕ್ಕೆ ಬಾಚಿದಂಥ ಜುಟ್ಟು, ಮೊಳಕ್ಕೂ ಉದ್ದದ ಪಟ್ಟೆ ಬಾಲ. ಕಡಿದಾದ ಹುಲ್ಲಿನ ಇಳಿಜಾರು ಬಿಟ್ಟರೆ ಅದಕ್ಕೆ ಬೇರೆ ಜಾಗ ಒಗ್ಗದು. ಹಳ್ಳದಾಚೆಯ ಇಳಿಜಾರಿನಲ್ಲಿ ಒಂದು ಕಾಲಕ್ಕೆ ಬೆಳಗಾದರೆ ಒಂದು ಕೂಗುತ್ತಿತ್ತಂತೆ, ಅದಕ್ಕೆ ಇನ್ನೊಂದು ಓಗೊಡುತ್ತಿತ್ತಂತೆ, ಹಾಗೆ ಬೆಟ್ಟದ ಉದ್ದಕ್ಕೂ ಕೂಗು ಹರಿಯುತ್ತಿತ್ತಂತೆ. ನಾನು ಬಂದ ಮೊದಲ ಚಳಿಗಾಲ ಒಲೆ ಮುಂದೆ ಕೂತು ಚಾಚಾ ಇದನ್ನೆಲ್ಲ ಹೇಳಿದ್ದ.

"ಈಗ್ಯಾಕೆ ಕೂಗಲ್ಲ ಚಾಚಾ?"

"ಯಾಕಂದ್ರೆ ನಮ್ಮಪ್ಪನ ಗುರಿ ಚೆನ್ನಾಗಿತ್ತು. ಕೊನೇ ಜೋಡೀನ ಹೊಡ್ಕೊಂಡು ಬಂದಾಗ ನಾನೂ ತಿಂದಿದೀನಿ. ರುಚಿಯಾಗೇ ಇತ್ತು."

ಅಷ್ಟು ಹೇಳಿ ಒಲೆಗೆ ಸೌದೆ ತಳ್ಳಿದ. ಈಗ ಬರುವ ಬೇಸಿಗೆಗೆ ಅವನಿಗೆ ಅರವತ್ತು ತುಂಬುತ್ತದೆ, ಕೆಲಸ ಮುಗಿಯುತ್ತದೆ. ಅಷ್ಟರೊಳಗೆ ತನ್ನ ಕೈಯಲ್ಲಿ ಬೆಳೆದ ಹಕ್ಕಿ ಆಚೆಯಿಂದ ಒಂದು ಸಲ ಕೂಗಿದರೆ ಸಾಕು ಅನ್ನುವುದು ಅವನ ಒಂದೇ ಆಸೆ.

ಕಳೆದ ವರ್ಷ ಮೇಲಿನಿಂದ ಹೊಸ ಆದೇಶ ಬಂತು. ಮರಿಗಳನ್ನು ಬೆಳೆಸಿ ಕಾಡಿಗೆ ಬಿಡಬೇಕು. ಅದಕ್ಕೆ ಮರಿಗಳಿಗೆ ಮನುಷ್ಯರ ಪರಿಚಯವೇ ಆಗಬಾರದು. ಪಟ್ಟಣದಿಂದ ಸಾಹೇಬರು ಬಂದು ಬೂದಿಬಣ್ಣದ ನಿಲುವಂಗಿ, ಮುಖ ಮುಚ್ಚುವ ಮುಸುಕು ಕೊಟ್ಟರು. ಒಳಗೆ ಹೋದರೆ ಮಾತಿಲ್ಲ, ಕೆಮ್ಮಿಲ್ಲ, ಬೀಡಿ ವಾಸನೆ ಇಲ್ಲ. ಕಾಳು ಕೊಳವೆಯಲ್ಲಿ ಜಾರಿಸಬೇಕು. ಝಾಬೇರಾಮ್ ಬೀಡಿಯನ್ನೇ ಬಿಟ್ಟ. ಸೀನು ಬಂದರೆ ಮೂಗು ಹಿಡಿದುಕೊಂಡು ಹೊರಗೆ ಓಡಿಬರುತ್ತಿದ್ದ.

"ಮೂವತ್ತೈದು ವರ್ಷ ನಾನು ಹೇಳಿ ಹೇಳಿ ಸಾಕಾಯ್ತು, ಬೀಡಿ ಬಿಡ್ಲಿಲ್ಲ" ಅಂತ ಖಿಮೀ ನನ್ನ ಹತ್ತಿರ ದೂರಿದಳು. "ಬೊಗಸೆಯಷ್ಟಿಲ್ಲದ ಮರಿಗಳಿಗೋಸ್ಕರ ಬಿಟ್ಟ. ನಾನೂ ಮೊಟ್ಟೆಯಿಂದ ಹುಟ್ಟಬೇಕಾಗಿತ್ತು ಕಣಪ್ಪ."

ಮೊಟ್ಟೆಗಳಿಗೆ ಕಾವು ಕೊಡುವ ಯಂತ್ರವೊಂದನ್ನೂ ಕಳಿಸಿದ್ದರು. ಮೇ ತಿಂಗಳಲ್ಲಿ ಆಲಿಕಲ್ಲು ಬಿದ್ದು ಕಂಬಗಳು ಉರುಳಿದವು, ಮೂರು ದಿನ ಕರೆಂಟಿಲ್ಲ. ಒಳಗೆ ಹದಿನಾಲ್ಕು ಮೊಟ್ಟೆ. ಕೈಯಿಟ್ಟು ನೋಡಿದರೆ ಬಿಸಿ ಇಳಿಯುತ್ತಿತ್ತು. ಝಾಬೇರಾಮ್ ಮೊಟ್ಟೆಗಳನ್ನು ಉಣ್ಣೆಯ ಟೋಪಿಯಲ್ಲಿ ತುಂಬಿಕೊಂಡು ಮನೆಗೆ ಓಡಿದ. ಖಿಮೀಯ ಭೂರಿ ಅನ್ನುವ ಕಂದು ಹೇಂಟೆ ಅದೇ ವಾರ ಕಾವಿಗೆ ಕೂತಿತ್ತು. ಅದರ ಸ್ವಂತ ಮೊಟ್ಟೆ ತೆಗೆದು ಇವನ್ನಿಟ್ಟರು. ಸಾಹೇಬರಿಗೆ ಫೋನು ಮಾಡಿದೆ. ಹೇಂಟೆಯ ಕೆಳಗೆ ಇಡುವುದು ಹಳೆಯ ಪದ್ಧತಿ, ತೊಂದರೆಯಿಲ್ಲ ಅಂದರು. ಹನ್ನೆರಡು ಮರಿ ಒಡೆದವು. ಭೂರಿಯನ್ನೂ ಮರಿಗಳ ಜೊತೆಗೆ ಹಕ್ಕಿಮನೆಗೇ ತಂದೆವು. ಮರಿಗಳು ಅದರ ಹಿಂದೆ ಹಿಂದೆ ಓಡಾಡಿ ಕೆದಕುವುದು, ಹದ್ದಿನ ನೆರಳು ಕಂಡರೆ ಅಡಗುವುದು ಎಲ್ಲ ಕಲಿತವು. ಒಂದು ಸತ್ತಿತು, ಹನ್ನೊಂದು ಉಳಿದವು. ನಮ್ಮಂಥ ಬುದ್ಧಿವಂತರು ಇಲ್ಲ ಅಂದುಕೊಂಡೆವು.

ಈಗ ನಮ್ಮ ತಪ್ಪು ಹೇಳುತ್ತೇನೆ. ಝಾಬೇರಾಮನ ಮನೆ ಹಕ್ಕಿಮನೆಗಿಂತ ಎರಡು ಹೊಲ ಮೇಲಕ್ಕಿದೆ. ದಿನಾ ಹೊತ್ತು ಮುಳುಗುವಾಗ ಖಿಮೀ ಅಂಗಳದ ಅಂಚಿಗೆ ಬಂದು ಜೋಳದ ನುಚ್ಚು ಚೆಲ್ಲಿ, "ಟುರ್ ಟುರ್ ಟುರ್ರೇ" ಅಂತ ಕೋಳಿಗಳನ್ನು ಕರೆಯುತ್ತಾಳೆ. ಈ ಬೆಟ್ಟಗಳಲ್ಲಿ ಎಲ್ಲ ಮನೆಯಲ್ಲೂ ಅದೇ ಹೊತ್ತಿಗೆ ಅದೇ ಕರೆ. ನನ್ನ ಅಮ್ಮನೂ ಹಾಗೇ ಕರೆಯುತ್ತಿದ್ದಳು. ಹಳ್ಳದ ನೀರಿನ ಸದ್ದು ನಮಗೆ ಹೇಗೆ ಕೇಳುವುದಿಲ್ಲವೋ ಇದೂ ಹಾಗೇ ಕೇಳುವುದಿಲ್ಲ. ಆದರೆ ಭೂರಿಗೆ ಕೇಳುತ್ತಿತ್ತು. ಯಜಮಾನಿ ಕರೆದಾಗ ಅದು ಜಾಲರಿಯ ಹತ್ತಿರ ಓಡುತ್ತಿತ್ತು, ಮರಿಗಳು ಅದರ ಹಿಂದೆ. ಬೇಸಿಗೆಯುದ್ದಕ್ಕೂ ದಿನಾ ಓಡಿದವು. ನಾನು ಕಣ್ಣಾರೆ ನೋಡಿದ್ದೇನೆ, ಚಾಚಾನೂ ನೋಡಿದ್ದಾನೆ. ಸಂಜೆಗೆ ಮರಿಗಳು ಚುರುಕಾಗುತ್ತವೆ ಅಂತ ರಿಜಿಸ್ಟರಿನಲ್ಲಿ ಬರೆದೆ. ನನ್ನ ತಲೆಗೆ ಅಷ್ಟೇ ಹೊಳೆದದ್ದು.

ಅಕ್ಟೋಬರಿನಲ್ಲಿ ಭೂರಿಯನ್ನು ಖಿಮೀಯ ಅಂಗಳಕ್ಕೆ ಮರಳಿಸಿ, ಹನ್ನೊಂದು ಮರಿಗಳನ್ನೂ ಹಳ್ಳದಾಚೆ ಬಿಟ್ಟೆವು. ಬುಟ್ಟಿಯ ಬಾಯಿ ತೆರೆದವನು ಝಾಬೇರಾಮ್. ಮುಸುಕು ಹಾಕಿಕೊಂಡೇ ಇದ್ದ. ಅವು ಹುಲ್ಲಿನಲ್ಲಿ ಕರಗಿಹೋದವು. ವಾಪಸು ಬರುವಾಗ ದಾರಿಯುದ್ದಕ್ಕೂ ಅವನು ಮಾತಾಡಿದ. ನಾಲ್ಕು ತಿಂಗಳ ಮಾತು ಒಂದೇ ಸಲ ಬಂತು.

ನಾಲ್ಕನೆಯ ಸಂಜೆ ನಾನು ಅವರ ಅಂಗಳದಲ್ಲಿ ಕೂತಿದ್ದಾಗ ಖಿಮೀ ಕೋಳಿ ಕರೆದಳು. ಅವಳ ಐದು ಕೋಳಿ ಬಂದವು, ಅವುಗಳ ಹಿಂದೆ ಎರಡು ಚೀರ್ ಬಂದವು.

ಅವಳು ಕೈಯಲ್ಲಿದ್ದ ಮೊರ ಹಾಗೇ ಹಿಡಿದು ನಿಂತಳು. ಚಾಚಾ ಒಳಗಿನಿಂದ ಬಂದು ನೋಡಿದ. ಆಗಲೇ ಕೆಳಗಿನ ಮನೆಯಿಂದ ಮಂಗ್ಲೀಯ ದನಿ, ಅದರಾಚೆ ಇನ್ನೊಂದು ಮನೆಯ ದನಿ, ಕಣಿವೆಯ ತುಂಬ ಟುರ್ ಟುರ್ ಟುರ್ರೇ. ನಮಗೆ ಮೊದಲ ಸಲ ಅದು ಕೇಳಿಸಿತು.

"ಅಯ್ಯೋ, ಊರಲ್ಲಿ ಯಾವ ಹೆಂಗಸು ಕರೆದ್ರೂ ಇವು ಹೋಗ್ತವೆ" ಅಂದ ಅವನು.

ಹೋದವು. ವಾರದೊಳಗೆ ಒಂದನ್ನು ನಾಯಿ ಹಿಡಿಯಿತು. ಎರಡನ್ನು ಕೊಟ್ಟಿಗೆಯ ಹಿಂದೆ ಕಾಡುಬೆಕ್ಕು. ಒಂದರ ಗರಿ ಯಾರದೋ ಒಲೆಯ ಬೂದಿಯಲ್ಲಿ ಸಿಕ್ಕಿತು. ಯಾರದೆಂದು ನಾನು ಬರೆಯಲಿಲ್ಲ. ತಾನಾಗಿ ಅಂಗಳಕ್ಕೆ ಬಂದು ಕಾಲಡಿ ಕಾಳು ತಿನ್ನುವ ಹಕ್ಕಿಯನ್ನು ಹಿಡಿದ ಬಡವನ ಮೇಲೆ ಕೇಸು ಹಾಕುವಷ್ಟು ಗಂಡಸುತನ ನನಗಿಲ್ಲ.

ಸಾಹೇಬರಿಗೆ ಫೋನು ಮಾಡಿದೆ.

"ನಿಲುವಂಗಿ ಹಾಕ್ಕೊಂಡಿದ್ನಾ ಅವನು?"

"ಹಾಕ್ಕೊಂಡಿದ್ದ ಸಾಬ್. ಉಳಿದಿರೋವನ್ನ ಹಿಡಿದು ಒಳಗೆ ಹಾಕ್ತೀವಿ, ಅಪ್ಪಣೆ ಕೊಡಿ."

"ಬಿಟ್ಟಾಯ್ತಲ್ಲ, ಈಗ ಅದು ಕಾಡು ಹಕ್ಕಿ. ಕಾಡು ಹಕ್ಕಿ ಹಿಡಿಯೋದು ಅಪರಾಧ ಅಂತ ಗಾರ್ಡಿಗೆ ನಾನು ಹೇಳಿಕೊಡ್ಬೇಕಾ? ಬರೆದು ಕಳಿಸಿ, ಮೇಲೆ ಕೇಳ್ತೀನಿ."

ಬರೆದು ಕಳಿಸಿದೆ. ಉತ್ತರ ಇವತ್ತಿಗೂ ಬಂದಿಲ್ಲ.

ಚಾಚಾ ನನ್ನನ್ನು ಕರೆದುಕೊಂಡು ಮನೆಮನೆಗೆ ಹೋದ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಸಂಜೆ ಕೋಳಿಗಳನ್ನು ಕರೆಯಬೇಡಿ ಅಂತ ಹೆಂಗಸರನ್ನು ಬೇಡಿದ. ಮಂಗ್ಲೀ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಕೋಳಿ ಕರೀಬಾರ್ದು ಅಂತ ಸರ್ಕಾರದ ಆರ್ಡರ್ರಾ ಗಾರ್ಡ್ ಸಾಬ್? ಹಂಗಾದ್ರೆ ನನ್ನ ಗಂಡನ್ನೂ ಊಟಕ್ಕೆ ಕರೀಬಾರ್ದು ಅಂತ ಒಂದು ಆರ್ಡರ್ ತನ್ನಿ, ಪುಣ್ಯ ಬರುತ್ತೆ."

ನಕ್ಕರೂ ಒಪ್ಪಿದಳು. ಎಲ್ಲರೂ ಒಪ್ಪಿದರು, ಝಾಬೇರಾಮನ ಮುಖ ನೋಡಿದರೆ ಒಪ್ಪದೆ ಇರಲು ಆಗುತ್ತಿರಲಿಲ್ಲ. ಕರೆಯುವ ಬದಲು ತಟ್ಟೆ ಬಡಿದು ನೋಡಿದರು. ಕೋಳಿಗಳು ಬೆದರಿ ಮರ ಹತ್ತಿದವು, ಹೊಲಕ್ಕೆ ಓಡಿದವು. ಐದನೆಯ ದಿನ ನರಿ ಮಂಗ್ಲೀಯ ಮೂರು ಕೋಳಿಗಳನ್ನು ಹೊತ್ತುಕೊಂಡು ಹೋಯಿತು. ಮರುದಿನ ಅವಳು ಅಂಗಳದ ತುದಿಗೆ ಬಂದು ಮೊದಲಿಗಿಂತ ಗಟ್ಟಿಯಾಗಿ ಕರೆದಳು. ಯಾವ ಬಾಯಲ್ಲಿ ಬೇಡ ಅನ್ನಲಿ? ಅವಳ ಮೊಮ್ಮಗಳು ತಿನ್ನುವ ಮೊಟ್ಟೆ ಆ ಕೋಳಿಗಳದೇ.

ದೀಪಾವಳಿ ಹೊತ್ತಿಗೆ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ಹಕ್ಕಿ, ಉದ್ದ ಬಾಲದ ಹುಂಜ. ಉಳಿದವನ್ನು ಹುಡುಕಿಕೊಂಡು ಚಾಚಾ ದಿನಾ ಆಚೆ ಇಳಿಜಾರು ಹತ್ತಿದ. ಗರಿ ಸಿಕ್ಕವು, ಹಕ್ಕಿ ಸಿಗಲಿಲ್ಲ. ಹುಂಜ ಮಾತ್ರ ಸಂಜೆಯಾದರೆ ಖಿಮೀಯ ಅಂಗಳಕ್ಕೆ ತಪ್ಪದೆ ಬರುತ್ತಿತ್ತು. ಅವಳು ಆ ನಾಲ್ಕನೆಯ ಸಂಜೆಯಿಂದಲೇ ಕರೆಯುವುದನ್ನು ನಿಲ್ಲಿಸಿದ್ದಳು. ಆದರೂ ಬರುತ್ತಿತ್ತು, ಯಾಕೆಂದರೆ ಭೂರಿ ಆ ಅಂಗಳದಲ್ಲಿತ್ತು. ಚಾಚಾ ಪೊರಕೆ ಹಿಡಿದು ಓಡಿಸುತ್ತಿದ್ದ. ಅದು ನಾಲ್ಕು ಹೆಜ್ಜೆ ಹಿಂದೆ ಸರಿದು, ಕತ್ತು ಕೊಂಕಿಸಿ, ಮತ್ತೆ ಭೂರಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ನಾನು ಹೋದಾಗ ಖಿಮೀ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಳು. ನೀರು ಕೆಂಪಗಿತ್ತು.

"ಭೂರೀನ ಕುಯ್ದೆ" ಅಂದಳು. "ಅಮ್ಮ ಇದ್ರೆ ತಾನೇ ಬರೋದು?"

ಎಂಟು ವರ್ಷ ಸಾಕಿದ ಹೇಂಟೆ. ಆ ರಾತ್ರಿಯ ಸಾರನ್ನು ಅವರಿಬ್ಬರೂ ಮುಟ್ಟಲಿಲ್ಲವಂತೆ. ಮರುದಿನ ಸಂಜೆ ಹುಂಜ ಬಂತು. ಅಂಗಳ ಸುತ್ತಿತು, ಭೂರಿ ಮಲಗುವ ಬುಟ್ಟಿಯೊಳಗೆ ಇಣುಕಿತು, ಕೊಟ್ಟಿಗೆಗೆ ಹೋಗಿ ಬಂತು. ಕೊನೆಗೆ ಮಾಡಿನ ಮೇಲೆ ಹಾರಿ ಅಲ್ಲೇ ಕೂತಿತು. ಖಿಮೀ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಗ್ಗೆ ಹಾಲಿಗೆಂದು ನಾನು ಅವರ ಮನೆಗೆ ಹೋದೆ. ಆಗ ಅದು ಕೂಗಿತು. ಚೀರ್, ಚೀರ್, ಚಿರ್ವಾ ಚಿರ್ವಾ, ಮೊದಲು ಮೆಲ್ಲಗೆ, ಆಮೇಲೆ ಕಣಿವೆ ತುಂಬುವ ಹಾಗೆ. ಆಚೆ ಇಳಿಜಾರಿಗೆ ಮುಖಮಾಡಿ ಕೂಗಿ, ಸುಮ್ಮನಾಗಿ, ಕಾದು, ಮತ್ತೆ ಕೂಗಿತು. ಆಚೆಯಿಂದ ಓಗೊಡಲು ಯಾರೂ ಇರಲಿಲ್ಲ. ಝಾಬೇರಾಮ್ ಹಾಲಿನ ಚೊಂಬು ಹಿಡಿದುಕೊಂಡೇ ಅಂಗಳದಲ್ಲಿ ಕುಸಿದು ಕೂತ. ನಾನು ಹೇಳಿದ ಆ ಎರಡನೆಯ ಅಳು ಅದು. ನಾನು ಅವನ ಕೈಯಿಂದ ಚೊಂಬು ತೆಗೆದುಕೊಂಡೆ, ಅಷ್ಟೇ ನನ್ನಿಂದಾದದ್ದು.

ಆಮೇಲೆ ಮೊದಲ ಹಿಮ ಬಿತ್ತು. ಅವತ್ತು ಸಂಜೆ ಹುಂಜ ಬರಲಿಲ್ಲ, ಮರುದಿನವೂ ಇಲ್ಲ. ಹಿಮದ ಮೇಲೆ ರಕ್ತವಿರಲಿಲ್ಲ, ಹೆಜ್ಜೆಯೂ ಇರಲಿಲ್ಲ. ಬಾರದಿರಲಿ ಅಂತ ಅಷ್ಟು ದಿನ ಪೊರಕೆ ಹಿಡಿದವರು ನಾವೇ. ಬರಲಿಲ್ಲ ಅಂತ ಸಂತೋಷಪಡಲು ಒಬ್ಬರಿಂದಲೂ ಆಗಲಿಲ್ಲ.

ಮೂರನೆಯ ಸಂಜೆ ನಾವು ಮೂವರೂ ಅಂಗಳದಲ್ಲಿ ನಿಂತಿದ್ದೆವು.

"ಬೀನೂ ಅಮ್ಮಾ, ಒಂದೇ ಒಂದ್ಸಲ ಕರಿ" ಅಂದ ಚಾಚಾ.

"ಬಂದ್ರೆ ಏನ್ಮಾಡ್ತೀಯ?"

ಅವನು ಆಚೆ ಇಳಿಜಾರಿನ ಕಡೆ ತಿರುಗಿದ.

"ಬರ್ಲಿಲ್ಲ ಅಂದ್ರೆ ಏನ್ಮಾಡ್ತೀಯ?"

ಅವನು ಕಾಲಿನಿಂದ ಅಂಗಳದ ಹಿಮ ಸರಿಸಿದ.

"ಹಂಗಿದ್ಮೇಲೆ ನನ್ನ ಬಾಯಲ್ಲಿ ಯಾಕೆ ಕರೆಸ್ತೀಯಪ್ಪ?" ಅಂದು ಅವಳು ಮೊರವನ್ನು ಅವನ ಕೈಗಿಟ್ಟು ಒಳಗೆ ಹೋದಳು.

ಅವನು ಅಂಗಳದ ಅಂಚಿಗೆ ಹೋದ. ನಮ್ಮಲ್ಲಿ ಗಂಡಸರು ಕೋಳಿ ಕರೆಯುವುದಿಲ್ಲ, ಅವನಿಗೆ ಸರಿಯಾಗಿ ಬರಲೂ ಇಲ್ಲ. ಬೀಡಿ ಸುಟ್ಟ ಗಂಟಲಲ್ಲಿ ಟುರ್ ಟುರ್ ಟುರ್ರೇ ಅಂದ. ಬೇಸಿಗೆಯುದ್ದಕ್ಕೂ ಆ ಮರಿಗಳ ಮುಂದೆ ತುಟಿ ಬಿಚ್ಚದಿದ್ದವನು ಆಚೆ ಇಳಿಜಾರಿಗೆ ಕೇಳುವ ಹಾಗೆ ಮೂರು ಸಲ ಕರೆದ.

ಕೆಳಗಿನ ಹೊಲದಿಂದ ಮಂಗ್ಲೀಯ ಅಳಿದುಳಿದ ಎರಡು ಕೋಳಿಗಳು ಹಿಮದಲ್ಲಿ ಹೂತುಕೊಳ್ಳುತ್ತಾ ಓಡಿಬಂದು ಅವನ ಕಾಲ ಬುಡದಲ್ಲಿ ನಿಂತವು. ಅವನು ಇನ್ನೂ ಸ್ವಲ್ಪ ಹೊತ್ತು ಆಚೆ ನೋಡಿದ. ಆಮೇಲೆ ಮೊರದಲ್ಲಿದ್ದ ನುಚ್ಚನ್ನೆಲ್ಲ ಅವುಗಳಿಗೇ ಚೆಲ್ಲಿದ.