ಹೊಳಲಿನಲ್ಲಿ ಮಲಗಿದ ದೇವರು

ಹಡಗಲಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಸಮೀಪದ ಯಾವುದಾದರೂ ಗುಡಿಯ ಬಗ್ಗೆ ನಾಲ್ಕು ಪುಟ ಬರೆದು ತರಲು ಇತಿಹಾಸದ ಮೇಡಂ ಹೇಳಿದ್ದರು. ನಾನು ಹೊಳಲಿನ ಅನಂತಶಯನ ಗುಡಿಯನ್ನು ಆರಿಸಿಕೊಂಡೆ, ಆದರೆ ಅಲ್ಲಿಗೆ ಹೋಗಲಿಲ್ಲ. ಫೋನಿನಲ್ಲಿ ಎಐಗೆ ಕೇಳಿದೆ. ಅದು ಕೊಟ್ಟಿದ್ದನ್ನು ಕೈಯಾರೆ ನಕಲು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಮೇಡಂ ಎರಡನೇ ಪುಟದಲ್ಲೇ ತಲೆ ಎತ್ತಿದರು.

“ಅನಂತಶಯನ ಅಂದ್ರ ಮಲಗಿರೋ ದೇವರು. ನೀನು ನಿಂತಾನ ಅಂತ ಬರದೀ. ನೋಡಿ ಬಂದೀಯೇನು?”

“ಇಲ್ರಿ ಮೇಡಂ. ಎಐ ಕಡೆಯಿಂದ ಬರೆಸೀನ್ರಿ,” ಎಂದೆ.

ಅವರು ಬೈಯಲಿಲ್ಲ. ಹಾಳೆಗಳನ್ನು ವಾಪಸು ಕೊಟ್ಟು, “ಬಸ್ ಅದಾವಲ್ಲ, ಹೋಗಿ ನೋಡಿ ಬಾ. ಎರಡು ಪುಟ ಬರಿ, ಸಾಕು,” ಎಂದರು.

ಭಾನುವಾರ ಹೋದೆ. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಮೊದಲು ಏನೂ ಕಾಣಲಿಲ್ಲ. ನಿಧಾನಕ್ಕೆ ಕಲ್ಲಿನ ಪಾದ ಮೂಡಿತು, ಆಮೇಲೆ ಮೊಣಕಾಲು, ಎದೆ, ಕೊನೆಗೆ ಮುಖ. ಅಷ್ಟು ದೊಡ್ಡ ದೇವರು ಊಟ ಮುಗಿಸಿದವರ ಹಾಗೆ ಹಾಯಾಗಿ ಮಲಗಿದ್ದ. ತಣ್ಣನೆಯ ನೆಲದ ಮೇಲೆ ಕೂತೆ. ಎಲ್ಲೋ ಪಾರಿವಾಳದ ಸದ್ದು. ಸ್ವಲ್ಪ ಹೊತ್ತಿಗೆ, ಉಸಿರಾಡುತ್ತಿರುವುದು ನಾನೋ ಅವನೋ ತಿಳಿಯದ ಹಾಗಾಯಿತು. ಪೂಜಾರಿಯವರು ಬಂದು, “ಬಾಗಿಲು ಹಾಕ್ತೀನವ್ವಾ, ಏಳು,” ಎಂದಾಗಲೇ ಎಚ್ಚರ.

ಬರೆಯಲಾದದ್ದು ಒಂದೂವರೆ ಪುಟ. ಮೇಡಂ ಅದನ್ನೇ ತೆಗೆದುಕೊಂಡರು. ಎಐ ಬರೆದದ್ದನ್ನು ಕೊಟ್ಟೂ ಸಿಕ್ಕಿಬೀಳದ ಗೆಳತಿಯರಿಗೆ ನನಗಿಂತ ಹೆಚ್ಚು ಅಂಕ ಬಂದವು. ಹೊಟ್ಟೆ ಉರಿಯಿತು. ಆದರೂ ಆ ಸಂಜೆ ಅವ್ವನಿಗೆ ನನ್ನ ಬರಹ ಓದಿ ಹೇಳಿದೆ.

“ನನ್ನೂ ಕರಕೊಂಡು ಹೋಗಬೇಕಿತ್ತು,” ಎಂದಳು.