ಖಾಲಿ ಜಾಗದ ಮಂಡಕ್ಕಿ

ನಮ್ಮ ಮೇಷ್ಟ್ರ ಬಿಳಿ ಪಂಚೆಯಲ್ಲಿ ಮೊಣಕಾಲಿನ ಹತ್ತಿರ ಎರಡು ಕೆಮ್ಮಣ್ಣಿನ ಕಲೆಗಳು ಸದಾ ಇರುತ್ತಿದ್ದವು. ಮಕ್ಕಳು ಆಡುವಾಗ ಅವರು ಶಾಲೆಯ ಅಂಗಳದಲ್ಲಿ ಮಂಡಿಯೂರಿ ನೋಡುತ್ತಿದ್ದರು. "ನಿಂತು ನೋಡಿದ್ರೆ ಮಕ್ಳ ನೆತ್ತಿ ಮಾತ್ರ ಕಾಣ್ತದೆ" ಎನ್ನುವುದು ಅವರ ಮಾತು. ಸೊರಬ ಸೀಮೆಯಲ್ಲಿ ಅಂಥ ಮೇಷ್ಟ್ರನ್ನು ನಾನು ಮತ್ತೆ ಕಾಣಲಿಲ್ಲ.

ಅವರು ಹೆಚ್ಚು ನೋಡುತ್ತಿದ್ದುದು ನನ್ನ ತಂಗಿಯನ್ನು. ಏಳು ವರ್ಷವಾದರೂ ಅವಳು ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಈಗ ಅದಕ್ಕೆ ಆಟಿಸಂ ಎನ್ನುತ್ತಾರೆ. ಆಗ ಊರಿನ ಜಾಣರಿಗೆಲ್ಲ ಗೊತ್ತಿದ್ದದ್ದು ‘ಗಾಳಿ ಸೋಕಿದೆ’ ಎಂಬುದೊಂದೇ. ಬೇರೆ ಮಕ್ಕಳೊಡನೆ ಬೆರೆಯದಿದ್ದರೆ ಹೆಸರು ಹೊಡೆದುಹಾಕಿ ಎಂದು ಇನ್ಸ್‌ಪೆಕ್ಟರು ಹೇಳಿಹೋಗಿದ್ದರು. ಬೆರೆಯುತ್ತಾಳೋ ಇಲ್ಲವೋ ನೋಡಲೆಂದೇ ಮೇಷ್ಟ್ರು ಅವಳಿಗೊಂದು ಕೆಲಸ ಕೊಟ್ಟರು: ಶುಕ್ರವಾರ ಶಾರದಾಪೂಜೆಯಾದ ಮೇಲೆ ಮಂಡಕ್ಕಿ ಹಂಚುವುದು.

ಆ ಬೇಸಿಗೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಮನೆಮನೆಯಲ್ಲೂ ಜ್ವರ. ಒಂದು ಶುಕ್ರವಾರ ತಂಗಿ ಎಲ್ಲರಿಗೂ ಒಂದೊಂದು ಹಿಡಿ ಕೊಟ್ಟಳು. ಶಾಲೆಗೆ ಬಾರದ ಇಬ್ಬರು ಹುಡುಗಿಯರು ಕೂರುವ ಜಾಗದಲ್ಲೂ ಒಂದೊಂದು ಹಿಡಿ ಇಟ್ಟಳು. ಮರುದಿನ ಅವರಲ್ಲಿ ಒಬ್ಬಳು ತೀರಿಕೊಂಡಳು.

ಊರ ಹಿರಿಯರೊಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. "ಸತ್ತೋರಿಗೆ ಎಡೆ ಇಟ್ಟಂಗೆ ಇಟ್ಟಾಳಲ್ರೀ ಮೇಷ್ಟ್ರೇ! ಇನ್ನೊಬ್ಳೂ ಹೋದ್ರೆ ಈ ಹುಡ್ಗಿ ಸಾಲೆ ಮೆಟ್ಲು ಹತ್ತಂಗಿಲ್ಲ."

"ಎಡೆ ಅಲ್ಲ ಕಣ್ರೀ" ಎಂದರು ಮೇಷ್ಟ್ರು. "ಪಕ್ಕದೋರು ಬಂದಿಲ್ಲ ಅಂತ ಅವ್ಳಿಗೆ ಗೊತ್ತು. ಅವರ ಪಾಲು ತೆಗೆದಿಟ್ಟಾಳೆ. ಬೆರೆಯೋದು ಅಂದ್ರೆ ಇನ್ನೇನು?"

ಯಾರೂ ಒಪ್ಪಲಿಲ್ಲ. ಇನ್ನೊಬ್ಬ ಹುಡುಗಿಯ ಮನೆ ಕ್ಯಾಸನೂರಿನ ಕಡೆ. ಕಣ್ಣಾರೆ ನೋಡಿಯೇ ಬರುತ್ತೇನೆಂದು ಮೇಷ್ಟ್ರು ಹೊರಟರು. ಗಾಡಿದಾರಿ ಬಲು ಸುತ್ತು. ಬೇಗ ಬರಲಿ ಎಂದು ನಾನೇ ಓಡಿಹೋಗಿ ಕಾಡಿನ ಕಾಲುದಾರಿ ತೋರಿಸಿದೆ.

ಸಂಜೆ ನಗುತ್ತಲೇ ಬಂದರು. "ಹುಡ್ಗಿ ಗಂಜಿ ಕುಡೀತಾ ಕೂತಾಳೆ. ಜ್ವರ ಬಿಟ್ಟದೆ." ಪಂಚೆಗೆ ಹತ್ತಿದ್ದ ಉಣ್ಣಿಗಳನ್ನು ಕಿತ್ತು ಎಸೆದು, ನಮ್ಮ ಜಗಲಿಯಲ್ಲೇ ಕೂತು ಇನ್ಸ್‌ಪೆಕ್ಟರಿಗೆ ಬರೆದರು: ‘ಮಗು ಬೆರೆಯುತ್ತದೆ. ಹೆಸರು ಮುಂದುವರಿಸಿದೆ.’ ಹಿರಿಯರೂ ಸುಮ್ಮನಾದರು.

ವಾರದೊಳಗೆ ಮೇಷ್ಟ್ರಿಗೆ ಜ್ವರ ಬಂತು. ಮೂಗಿನಲ್ಲಿ ರಕ್ತ ಸೋರಿತು. ಹನ್ನೆರಡನೆಯ ದಿನ ಹೋಗಿಬಿಟ್ಟರು. ಆ ರೋಗ ಕಾಡಿನ ಉಣ್ಣಿ ಕಚ್ಚಿ ಬರುತ್ತದೆಂದು ಡಾಕ್ಟರುಗಳು ಹೇಳಿದ್ದು ಆಮೇಲೆ.

ತಂಗಿ ನಾಲ್ಕನೆಯ ತರಗತಿಯವರೆಗೆ ಓದಿದಳು, ತನ್ನ ಹೆಸರು ಬರೆಯಲು ಕಲಿತಳು. ಅವಳು ಬರೆಯುವುದನ್ನು ಕಂಡಾಗಲೆಲ್ಲ ಅಪ್ಪ, ಅಮ್ಮ ಮೇಷ್ಟ್ರನ್ನು ನೆನೆದು ಕೈಮುಗಿಯುತ್ತಿದ್ದರು. ಆ ಕಾಲುದಾರಿ ತೋರಿಸಿದವಳು ನಾನೆಂದು ಅವರಿಗೆ ಕೊನೆಯವರೆಗೂ ಹೇಳಲಿಲ್ಲ.